ಔಷಧಿ ಡಾಕ್ಟರ ತೋಟದ ವರ್ತಮಾನ

ಅಕ್ಟೋಬರ್ ೧೪, ಮಂಗಳವಾರ

ಮಹಾರಾಣಿ ಅಕ್ಕನವರ ಪಾದಗಳಿಗೆ (ಚಪ್ಪಲಿ ಬಿಚ್ಚಿದ ಮೇಲೆ) ಕಿರಿಯ ಕೋತಿಯ ಸಾಷ್ಟಾಂಗ ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸು. ರಣರಂಗದ ವರದಿಗಾರನಿಗೆ ಬಿಡುವೆಲ್ಲಿ? ಫೋನಿನಲ್ಲಿ ಹೇಳೋಣವೆಂದರೆ, ಪಕ್ಕದಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿದರೆ ಸಾಕು, ಹಾಲು ಉಕ್ಕುತ್ತಿದೆ ಎಂದು ನೀನು ಇಟ್ಟುಬಿಡುತ್ತೀಯ. ಅಷ್ಟೊಂದು ಹಾಲು ಉಕ್ಕಿಹೋದರೆ ಭಾವ ಕುಡಿಯುವುದೇನನ್ನು ಎಂಬುದು ನಮ್ಮ ಚಿಂತೆ. ಗುಬ್ಬಿಯ ಉಬ್ಬಸ ಕಡಿಮೆಯಾಗಿದೆಯೆಂದು ಅಮ್ಮ ಹೇಳಿದಳು. ಸೋದರಮಾವನ ಒಂದು ಮುತ್ತನ್ನು ಅವಳ ಕೆನ್ನೆಗೆ ತಲುಪಿಸು.

ನೀನು ಹೊಸಿಲಲ್ಲಿ ನಿಂತು ಆಡಿದ ಮಾತು ಇನ್ನೂ ಈ ಮನೆಯಲ್ಲಿ ಓಡಾಡಿಕೊಂಡಿದೆ. ಮೊಮ್ಮಗಳು ಬರುತ್ತಾಳೆ, ಸೊಳ್ಳೆ ಕಚ್ಚಬಾರದು ಎಂದು ಅಪ್ಪ ಅವಳು ಮಲಗುವ ಕೋಣೆಗೆ ಪಂಪು ಹೊಡೆದರು. ಅವಳು ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದಳು. ‘ಮಗು ಕೋಣೆಗೆ ವಿಷ ಹೊಡೆದಿರಿ’ ಎಂದು ನೀನು, ‘ವಿಷ ಅಲ್ಲ, ಔಷಧಿ’ ಎಂದು ಅವರು. ವಿಷವೆಂದು ಅವರೇ ಬಾಯಿಬಿಟ್ಟು ಹೇಳುವತನಕ ಈ ಕಡೆ ತಲೆ ಹಾಕುವುದಿಲ್ಲವೆಂದು ನೀನು ಹೋದೆ. ಹಠದಲ್ಲಿ ಅಪ್ಪನಿಗೆ ತಕ್ಕ ಮಗಳು.

ಆದರೂ ಯೋಚಿಸು. ಜೀವಮಾನವಿಡೀ ಹೋಟೆಲು, ಗೋದಾಮುಗಳಲ್ಲಿ ಜಿರಲೆ, ತಿಗಣೆ, ಗೆದ್ದಲು ಕೊಂದು ನಮ್ಮಿಬ್ಬರನ್ನು ಓದಿಸಿದ ಮನುಷ್ಯ. ವಿಷ ಹಾಕಿ ಹೋಗಿ ಎಂದು ಯಾವ ಗಿರಾಕಿಯಾದರೂ ಕರೆದದ್ದುಂಟೆ? ಔಷಧಿ ಹೊಡೆಯಲಿಕ್ಕೇ ಕರೆದದ್ದು. ಬೀದಿಯವರಿಗೆಲ್ಲ ಅವರು ಡಾಕ್ಟರು. ರೋಗಿ ಒಬ್ಬನೂ ಬದುಕದ ಡಾಕ್ಟರು.

ನೀನು ಹೋದ ಮೇಲೆ ಅಮ್ಮ ಆಜ್ಞೆ ಹೊರಡಿಸಿದಳು: ಕಾಂಪೌಂಡಿನೊಳಗೆ ಇನ್ನು ಒಂದು ತೊಟ್ಟೂ ಬೀಳಕೂಡದು. ಪಂಪು ಮೆಟ್ಟಿಲ ಕೆಳಗೆ ಗೋಣಿ ಹೊದ್ದು ಮಲಗಿತು. ಡಾಕ್ಟರು ಹಿತ್ತಲಿನ ತರಕಾರಿ ಮಡಿಗಳಿಗೆ ಇಳಿದರು. ಸಿಪ್ಪೆ ಕೊಳೆಸಿ ಗೊಬ್ಬರ ಮಾಡಿದರು, ಗ್ರಂಥಾಲಯದಿಂದ ಹುಳಗಳ ಪುಸ್ತಕ ತಂದರು. ಆದರೆ ಹುಟ್ಟುಗುಣ ಎಲ್ಲಿಗೆ ಹೋದೀತು? ಔಷಧಿ ಬೇಡವೆಂದರೆ ಬೇಡ, ಬೆರಳಿಗೆ ಯಾರ ಅಪ್ಪಣೆ ಬೇಕು ಎಂದು ಗೊಣಗಿಕೊಂಡರು.

ಹುರುಳಿಕಾಯಿ ಬಳ್ಳಿಗೆ ಗಿಡದ ರಸ ಹೀರುವ ಹೇನು ಮುತ್ತಿತು. ನನ್ನ ಏಳನೇ ಕ್ಲಾಸಿನ ತಲೆಯ ಹಾಗೆಯೇ ಕಾಣುತ್ತದೆ ಎಂದು ಅಮ್ಮ ಸಾರ್ವಜನಿಕವಾಗಿ ಘೋಷಿಸಿದಳು. ಆಮೇಲೆ ಗುಲಗಂಜಿ ಹುಳ ಬಂತು. ಕೆಂಪು ಬೆನ್ನು, ಕಪ್ಪು ಚುಕ್ಕೆ. ಇದು ಹೇನು ತಿನ್ನುತ್ತದೆ, ನಮ್ಮ ಕಡೆಯದು, ಮುಟ್ಟಬೇಡಿ ಎಂದು ಅಪ್ಪ ಅದಕ್ಕೆ ರಾಜಮರ್ಯಾದೆ ಕೊಟ್ಟರು. ಅದರ ಬೆನ್ನಿಗೇ ಎಲೆ ತುಂಬ ಇನ್ನೊಂದು ಜಾತಿ ಹರಿದಾಡತೊಡಗಿತು. ಕರ್ರಗೆ, ಮುಳ್ಳುಮುಳ್ಳಾಗಿ, ಉಗುರಿನಷ್ಟೇ ಉದ್ದದ ಮೊಸಳೆ. ಮುಖ ನೋಡಿಯೇ ಅಪ್ಪ ಮರಣದಂಡನೆ ವಿಧಿಸಿದರು. ಪ್ರತಿ ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಜಾರಿ. ವಿಚಿತ್ರವೆಂದರೆ ಮೊಸಳೆ ಕಡಿಮೆಯಾದಷ್ಟೂ ಹೇನು ಹೆಚ್ಚಾಯಿತು.

ಈ ನಡುವೆ ನಾನು ಲೋಕಕಲ್ಯಾಣಾರ್ಥವಾಗಿ ಕೆಲವು ಮೊಸಳೆಗಳನ್ನು ಜಾಮ್ ಬಾಟಲಿಗೆ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದ್ದೆ. ಒಳ್ಳೆಯ ಮುಹೂರ್ತ ನೋಡಿ ಅಪ್ಪನ ಚಪ್ಪಲಿಯಲ್ಲಿ ಬಿಡುವುದು ಯೋಜನೆ. ಸೈನ್ಯವನ್ನು ಉಪವಾಸ ಕೆಡಹುವ ಸೇನಾಪತಿ ನಾನಲ್ಲ. ದಿನವೂ ಹೇನು ತುಂಬಿದ ಎಲೆ ಹಾಕಿದೆ. ಒಂದು ದಿನ ಎಲ್ಲವೂ ಗಾಜಿಗೆ ಅಂಟಿಕೊಂಡು ಅಲುಗಾಡದೆ ನಿಂತವು. ವೀರಮರಣವೆಂದು ಭಾವಿಸಿ ಮೌನ ಆಚರಿಸಿದೆ. ಮೊನ್ನೆ ಭಾನುವಾರ ನೋಡಿದರೆ ಬಾಟಲಿಯಲ್ಲಿ ಮೊಸಳೆಯೇ ಇಲ್ಲ. ಗುಲಗಂಜಿ ಹುಳಗಳು ತಿರುಗಾಡುತ್ತಿವೆ.

ಬಾಟಲಿಯನ್ನು ಅಪ್ಪನ ಟೀ ಲೋಟದ ಪಕ್ಕ ಇಟ್ಟೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು.

“ಏನು ಹಾಕಿದ್ದೆ ಇದರೊಳಗೆ?”

“ನೀವು ದಿನಾ ಹೊಸಕ್ತೀರಲ್ಲ, ಅದನ್ನೇ.”

ಸ್ವಲ್ಪ ಹೊತ್ತು ತಮ್ಮ ಹೆಬ್ಬೆರಳನ್ನೇ ನೋಡಿದರು. “ತಾಯಿ ಗುರುತು ಸಿಕ್ತು ನಂಗೆ,” ಅಂದರು. “ಮರಿ ಗುರುತು ಸಿಗಲಿಲ್ಲ ನೋಡು.”

ನನ್ನ ಹತ್ತಿರ ಒಂದು ಜೋಕು ಸಿದ್ಧವಿತ್ತು. ಇತಿಹಾಸದಲ್ಲಿ ಮೊದಲ ಬಾರಿಗೆ ಅದನ್ನು ನುಂಗಿಕೊಂಡೆ.

ಅವರೇ ಹೋಗಿ ಹುಳಗಳನ್ನು ಬಳ್ಳಿಯ ಮೇಲೆ ಬಿಟ್ಟುಬಂದರು. ಈಗ ತೋಟದಲ್ಲಿ ಎಲ್ಲ ಹುಳಗಳ ಜೊತೆಗೂ ಕದನವಿರಾಮ. ಬದನೆ ಎಲೆಯೆಲ್ಲ ಜರಡಿ. ಅರ್ಧ ಬೆಳೆ ಎಲೆ ತಿನ್ನುವ ಹುಳಗಳಿಗೆ, ಅರ್ಧ ನಮಗೆ. ಎಳೆಯ ಅರ್ಧ ಅವುಗಳದ್ದೇ ಎಂದು ಅಮ್ಮನ ತಕರಾರು.

ಇಲ್ಲಿಗೆ ನಿಲ್ಲಿಸುತ್ತೇನೆ. ವಯಸ್ಸಿನಲ್ಲಿ ಕಿರಿಯನಾದರೂ ಜ್ಞಾನದಲ್ಲಿ ಹಿರಿಯನಾದ್ದರಿಂದ ಆಶೀರ್ವದಿಸುತ್ತಿದ್ದೇನೆ: ಭಾವನಿಗೆ ಸದ್ಬುದ್ಧಿ ಬರಲಿ, ಗುಬ್ಬಿಯ ಉಸಿರು ಹಗುರಾಗಲಿ, ನಿನ್ನ ಮೂಗಿನ ತುದಿಯ ಕೋಪ ಇಳಿದು ಮೂಗಷ್ಟೇ ಉಳಿಯಲಿ.

ನಿನ್ನ,
ಕೋತಿ

ಮರೆತವನಂತೆ ನಟಿಸಿ ಕೊನೆಗಿಟ್ಟುಕೊಂಡ ಮಾತು: ನಿನ್ನೆ ಅಪ್ಪ ಪಂಪನ್ನು ಕೊಟ್ಟುಬಿಟ್ಟರು. ಒಯ್ಯಲು ಬಂದವನು ಅವರದೇ ಕಸುಬಿನವನು. “ಔಷಧಿ ಏನಾದ್ರೂ ಮಿಕ್ಕಿದೆಯಾ ಡಾಕ್ಟ್ರೇ?” ಎಂದು ಕೇಳಿದ. “ವಿಷಾನಾ? ಅರ್ಧ ಕ್ಯಾನ್ ಇದೆ, ತಗೊಂಡ್ಹೋಗು,” ಅಂದರು ಅಪ್ಪ. “ನನ್ನ ಮೊಮ್ಮಗಳ ಕೋಣೆಗೆ ಹೊಡೆದು ಉಳಿದದ್ದು.” ಅವನು ಹೋದ ಮೇಲೆ ಆ ಕೋಣೆಯ ಕಿಟಕಿಗಳನ್ನೆಲ್ಲ ತೆರೆದು, ಬರಿಯ ಮಂಚದ ಮೇಲೆ ಕೂತಿದ್ದರು. ನಿನಗೆ ಹೇಳಬೇಡ, ತಾವೇ ಹೇಳಬೇಕು ಅಂದಿದ್ದಾರೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಅಕ್ಕಾ, ಅವರು ಫೋನಿನ ಪಕ್ಕ ಕೆಮ್ಮುವುದು ಕೆಮ್ಮು ಬಂದು ಅಲ್ಲ. ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ. ಮುಂದಿನ ಸಲ ಕೇಳಿಸಿದಾಗ, ಹಾಲು ಉಕ್ಕಿದರೆ ಉಕ್ಕಲಿ ಬಿಡು.