ಒಳಗಿನಿಂದ ತೆಗೆದ ಬಾಗಿಲು

ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಎರಡು ಕಾಗದಗಳೂ ಕೈ ಸೇರಿವೆ. ಉತ್ತರ ಬರೆಯದೆ ಸುಮ್ಮನಿದ್ದೆ, ಬೈಯಬೇಡ. "ಕೆಲಸ ಬಿಟ್ಟ ಮೇಲೂ ಪುರುಸೊತ್ತಿಲ್ವೇನೋ ನಿಂಗೆ?" ಎಂದು ಕೇಳಿದ್ದೀಯ. ಪುರುಸೊತ್ತೇ ನನ್ನನ್ನು ತಿಂದುಹಾಕುತ್ತಿದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ನಿನ್ನ ಮಂಡಿನೋವು ಹೇಗಿದೆ? ಭಾವ ಹೊಸ ಕನ್ನಡಕ ಹಾಕಿಕೊಳ್ಳುತ್ತಿದ್ದಾರೋ, ಇಲ್ಲ ಅದನ್ನು ಹುಡುಕುವುದರಲ್ಲೇ ದಿನ ಕಳೆಯುತ್ತಿದ್ದಾರೋ?

ನಿನಗೆ ಗೊತ್ತು, ನಾನು ದೇವರ ಮುಂದೆ ಕೂತು ಪ್ರಾರ್ಥಿಸಿದವನಲ್ಲ, ಓಡುತ್ತಾ ಪ್ರಾರ್ಥಿಸಿದವನು. ಅಗ್ನಿಶಾಮಕ ಠಾಣೆಯಲ್ಲಿ ಗಂಟೆ ಹೊಡೆದ ಕೂಡಲೇ ಬೂಟು ಏರಿಸಿ, ಗಾಡಿಯ ಮುಂದಿನ ಸೀಟಿಗೆ ಹಾರಿ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಒಂದೇ ಮಾತು ಹೇಳುತ್ತಿದ್ದೆ: "ಒಳಗಿರೋರನ್ನ ನನ್ನ ಕೈಗೆ ಕೊಡಪ್ಪಾ." ಅದೇ ನನ್ನ ಭಕ್ತಿ, ಅದೇ ಸೇವೆ. ಬೀಳ್ಕೊಡುಗೆಯ ದಿನ ಹೂವಿನ ಹಾರ ಹಾಕಿ ಹೆಲ್ಮೆಟ್ಟು ವಾಪಸ್ಸು ಇಸಿದುಕೊಂಡರು. ಮನೆಗೆ ಬಂದು ದೇವರ ಮುಂದೆ ಕೂತರೆ ಬಾಯಿಗೆ ಮಾತೇ ಬರಲಿಲ್ಲ. ಯಾರನ್ನು ಕೊಡು ಎಂದು ಕೇಳಲಿ? ಒಳಗೆ ಯಾರೂ ಇಲ್ಲವಲ್ಲ.

ಮನೆಯಲ್ಲಿ ನನ್ನ ಕಾಟ ಹೇಳತೀರದು. ಇವಳು ಒಲೆ ಹಚ್ಚಿದರೆ ಸಾಕು, ಹಿಂದೆ ಹೋಗಿ ನಿಲ್ಲುತ್ತೇನೆ. "ರೀ, ಚಹಾ ಮಾಡ್ತಿದ್ದೀನಿ, ಮನೆ ಸುಡ್ತಿಲ್ಲ. ಆ ಕಡೆ ಹೋಗಿ" ಎನ್ನುತ್ತಾಳೆ. ಸರಿ, ಪ್ರಾರ್ಥನಾ ಮಂದಿರದಲ್ಲಾದರೂ ಸೇವೆ ಮಾಡೋಣವೆಂದು ಹೋದೆ. ಕಸ ಗುಡಿಸು ಎಂದರು, ಗುಡಿಸಿದೆ. ಆದರೆ ಬಾಗಿಲಿಗೆ ಅಡ್ಡವಾಗಿದ್ದ ಬೆಂಚುಗಳನ್ನು ಕಂಡು ಕೈ ಸುಮ್ಮನಿರಲಿಲ್ಲ. ಪ್ರಾರ್ಥನೆ ನಡೆಯುತ್ತಿದ್ದಂತೆಯೇ ಒಂದೊಂದನ್ನೇ ಎಳೆದು ದಾರಿ ಬಿಡಿಸಿದೆ. ಕಣ್ಣು ಮುಚ್ಚಿದ್ದವರೆಲ್ಲ ಕಣ್ಣು ಬಿಟ್ಟರು. ಮಂದಿರದ ಹಿರಿಯರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಯಜಮಾನ್ರೇ, ಜನ ಇಲ್ಲಿ ಒಳಗೆ ಬರೋಕೆ ಅಂತ ಬರ್ತಾರೆ. ನೀವು ಆಚೆ ಹೋಗೋ ದಾರೀನೇ ತೋರಿಸ್ತಿದ್ದೀರಲ್ಲ!" ಎಂದರು. ನಗು ಬಂತು, ಅವಮಾನವೂ ಆಯಿತು. ಅವರೇ ಆಮೇಲೆ ಮೆಲ್ಲಗೆ ಹೇಳಿದರು, "ಸುಮ್ನೆ ಕೂರೋಕಾಗಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಹೋಗಿ. ಸುಟ್ಟಗಾಯದವರಿಗೆ ಕೈಕಾಲು ವ್ಯಾಯಾಮ ಮಾಡ್ಸೋಕೆ ಜನ ಬೇಕಂತೆ."

ಹೋದೆ. ಅಲ್ಲಿ ಒಬ್ಬ ಹೆಂಗಸು. ಒಂದು ಕಾಲದಲ್ಲಿ ಬಟ್ಟೆ ಹೊಲಿಯುತ್ತಿದ್ದವಳಂತೆ. ಹಳೆಯ ಗಾಯ; ಬಲಗೈ ಬೆರಳುಗಳು ಅಂಗೈಗೆ ಅಂಟಿಕೊಂಡಂತೆ ಮಡಚಿದ್ದವು, ಆಪರೇಷನ್ ಮಾಡಿ ಬಿಡಿಸಿದ್ದರು. ದಿನವೂ ಎಳೆದು ಮಡಚಿ ಮಾಡದಿದ್ದರೆ ಚರ್ಮ ಮತ್ತೆ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರಮ್ಮ ಹೇಳಿಕೊಟ್ಟರು. ನಾನು ಆ ಕೈ ಹಿಡಿದು, ಅಭ್ಯಾಸಬಲದಿಂದ, "ಹೆದರ್ಬೇಡ ತಾಯಿ, ನಾನಿದ್ದೀನಿ" ಎಂದೆ.

ಅವಳು ಕೈ ಎಳೆದುಕೊಂಡಳು. ನನ್ನ ಮುಖವನ್ನೇ ನೋಡಿ, "ಹೊಲಿಗೆ ಕಾರ್ಖಾನೆ, ಮೂರನೇ ಮಹಡಿ. ನೀವೇ ಅಲ್ವಾ? ಅವತ್ತೂ ಹೀಗೇ ಅಂದಿದ್ರಿ" ಎಂದಳು.

ಸುಳ್ಳು ಹೇಳುವುದಿಲ್ಲ ಅಕ್ಕ, ಎದೆ ಉಬ್ಬಿತು. ಕೈ ಮುಗಿಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ. "ಯಾಕೆ ಎಳ್ಕೊಂಡ್ ಬಂದ್ರಿ ನನ್ನ? ಮೆಟ್ಟಿಲ ಕೆಳಗೆ ಮಲಗಿಸಿ ಹೋದ್ರಲ್ಲ, ಅಲ್ಲಿಂದ ಮುಂದೆ ಏನಾಯ್ತು ಅಂತ ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ನಮಗೆ ಯಾರದ್ದೂ ಗೊತ್ತಾಗುವುದಿಲ್ಲ; ಅಷ್ಟರಲ್ಲಿ ಮುಂದಿನ ಗಂಟೆ ಹೊಡೆದಿರುತ್ತದೆ. ಆ ಸಂಜೆ ಮನೆಗೆ ಹೋಗದೆ ಬೀದಿ ಬೀದಿ ಸುತ್ತಿದೆ. ಇದನ್ನು ತೋರಿಸಲೆಂದೇ ನನ್ನನ್ನು ಉಳಿಸಿಕೊಂಡಿದ್ದೆಯಾ ಎಂದು ದೇವರ ಜೊತೆ ಜಗಳವಾಡಿದೆ. ಮನೆಗೆ ಬಂದು ಇನ್ನು ಆ ಕಡೆ ತಲೆಹಾಕುವುದಿಲ್ಲ ಎಂದೆ. ಇವಳು ಬಟ್ಟೆ ಮಡಚುತ್ತಾ, "ಅವಳು ಬೈದಿದ್ದು ನಿಮ್ಮನ್ನ. ಮಧ್ಯೆ ದೇವರನ್ನ ಯಾಕೆ ಎಳೀತೀರಿ? ನಾಳೆ ಹೋಗಿ" ಎಂದಳು.

ಮಾರನೆಯ ದಿನ ಹೋದೆ. ಅದರ ಮಾರನೆಯ ದಿನವೂ ಹೋದೆ. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕಳಿಸಿದ ಮೇಲೆ ಅಲ್ಲಿಗೇ ಹೋಗತೊಡಗಿದೆ. ಇಷ್ಟು ವರ್ಷ ಕೈ ನೋಡಿಕೊಳ್ಳುತ್ತಿದ್ದ ಅವಳ ತಾಯಿ ತೀರಿಹೋಗಿದ್ದಾರೆ, ಬೇರೆ ಯಾರೂ ಇಲ್ಲ. ಅಂಗಡಿಯ ಮೇಲೊಂದು ಕೋಣೆ, ಒಂದು ಕಿಟಕಿ, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹೊಲಿಗೆ ಯಂತ್ರ. ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಎಳೆಯಬೇಕು, ಮಡಚಬೇಕು. ಮೊದಮೊದಲು ನಾನು ಜೋರಾಗಿ ಎಳೆದುಬಿಡುತ್ತಿದ್ದೆ. "ಅಯ್ಯೋ, ಇದು ಬೆಂಕಿ ಅಲ್ಲ! ನಿಧಾನ!" ಎಂದು ಕಿರುಚುತ್ತಿದ್ದಳು. ನಿಧಾನ ನನಗೆಲ್ಲಿ ಬರಬೇಕು? ಒಂದು ಬೆರಳು ಕೂದಲೆಳೆಯಷ್ಟು ಬಾಗಲು ವಾರಗಳು ಬೇಕು. ಚಪ್ಪಾಳೆಯಿಲ್ಲ, ಹೊಗೆಯಿಲ್ಲ, ಮುಗಿಯಿತು ಎಂಬುದೂ ಇಲ್ಲ. ಎಷ್ಟೋ ಸಲ ಮೆಟ್ಟಿಲಿಳಿಯುತ್ತಾ, ಇದೂ ಒಂದು ಸೇವೆಯೇ? ದೇವರು ನನ್ನನ್ನು ಮೂಲೆಗೆ ಎಸೆದಿದ್ದಾನೆ ಎಂದುಕೊಂಡಿದ್ದೇನೆ. ಹಾಗೆಂದುಕೊಂಡೇ ಮಾರನೆಯ ದಿನ ಮತ್ತೆ ಹತ್ತಿದ್ದೇನೆ.

ಮೊನ್ನೆ ಗುರುವಾರ ಹೋದಾಗ ಬಾಗಿಲು ಒಳಗಿನಿಂದ ಹಾಕಿತ್ತು. ಯಾವತ್ತೂ ಹಾಗಿರುತ್ತಿರಲಿಲ್ಲ, ಬಿಗಿಯಾದ ಚಿಲಕ ಎಳೆಯಲು ಅವಳ ಬಲಗೈಗೆ ಆಗದೆಂದು ಬಾಗಿಲನ್ನು ಬರೀ ಮುಚ್ಚಿಡುತ್ತಿದ್ದಳು. ಬಡಿದೆ. ಒಳಗೆ ಕಬ್ಬಿಣ ಕೆರೆಯುವ ಸದ್ದು. ಏನೋ ಬಿದ್ದಿತು. ನನ್ನ ಭುಜ ತಾನಾಗಿಯೇ ಬಾಗಿಲಿಗೆ ತಗುಲಿತು. ಒಡೆದು ನುಗ್ಗುವುದೇ ಜೀವಮಾನದ ಕಸುಬು ಅಕ್ಕ. ಆ ಹಲಗೆ ನನಗೆ ಒಂದು ಏಟಿಗೂ ಸಾಲದು. "ಬೇಡ! ನಿಂತ್ಕೊಳ್ಳಿ!" ಎಂದಳು ಒಳಗಿನಿಂದ. ನಿಂತೆ. ಕೆರೆಯುವ ಸದ್ದು ನಿಂತಿತು, ಬೈದುಕೊಂಡಳು, ಮತ್ತೆ ಕೆರೆಯಿತು. ಭುಜ ಹಿಂದಕ್ಕೆ ತೆಗೆದು ಗೋಡೆಗೆ ಕೈ ಊರಿದೆ. ಉರಿಯುವ ಮನೆಗಳ ಮುಂದೆಯೂ ಅಷ್ಟು ಹೆದರಿದವನಲ್ಲ. ಅಲ್ಲೇ, ಬಹಳ ದಿನಗಳ ಮೇಲೆ, ಬಾಯಿಗೆ ಪ್ರಾರ್ಥನೆ ಬಂತು. ನನ್ನ ಕೈಗೆ ಕೊಡು ಎಂದಲ್ಲ. ಅವಳ ಕೈಗೆ ಕೊಡು ಎಂದು.

ಚಿಲಕ ಜಾರಿತು. ಬಾಗಿಲು ತೆರೆದಾಗ ಅವಳ ಹಣೆಯೆಲ್ಲ ಬೆವರು; ಎಡಗೈ ಬೆನ್ನ ಹಿಂದಿತ್ತು, ಚಿಲಕದ ಮೇಲಿದ್ದದ್ದು ಬಲಗೈ.

"ಒಡೀಲಿಲ್ವಾ?"

"ಇಲ್ಲಮ್ಮ."

"ಮತ್ತೆ ಬನ್ನಿ ಒಳಗೆ, ಯಾಕೆ ಕಲ್ಲಿನ ಹಾಗೆ ನಿಂತಿದ್ದೀರಿ?"

ಇಷ್ಟೇ ಆದದ್ದು. ಮನೆಗೆ ಬಂದು ಹೇಳಿದರೆ ಇವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮೊದಲ ಸಲ ಒಂದು ಬಾಗಿಲ ಮುಂದೆ ಕಾದಿದ್ದೀರಿ" ಎಂದು ನಕ್ಕಳು. ಹಾಗೆಂದು ಮನಸ್ಸು ತಣ್ಣಗಾಗಿದೆ ಎಂದುಕೊಳ್ಳಬೇಡ. ಈಗಲೂ ಬೀದಿಯಲ್ಲಿ ಗಾಡಿಯ ಸದ್ದಾದರೆ ಚಪ್ಪಲಿ ಹುಡುಕುತ್ತೇನೆ. ಆದರೂ ಮಧ್ಯಾಹ್ನವಾದರೆ ಹೋಗಲು ಒಂದು ಜಾಗವಿದೆ.

ಮೊಮ್ಮಕ್ಕಳಿಗೆಲ್ಲ ಈ ಅಜ್ಜನ ಹೆಸರಿನಲ್ಲಿ ಕೆನ್ನೆ ಹಿಂಡು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಭಾವನಿಗೆ ನಮಸ್ಕಾರ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನೀನೇ ಹೆಸರಿಟ್ಟ,
ನಿನ್ನ ಗಾಳಿಪಟ

ತಾ.ಕ.: ಒಂದು ವಿಷಯ ಮೇಲೆ ಬರೆಯಲು ಕೈ ಬರಲಿಲ್ಲ. ಆ ಕಾರ್ಖಾನೆಯಲ್ಲಿ ಅವಳ ತಂಗಿಯೂ ಇದ್ದಳು. ದೊಡ್ಡವಳನ್ನು ಕೆಳಗಿಳಿಸಿ ನಾನು ಮತ್ತೆ ಹತ್ತುವಷ್ಟರಲ್ಲಿ ಚಾವಣಿ ಕುಸಿಯಿತು. ಮೊನ್ನೆ ಒಳಗೆ ಹೋಗಿ ಕೂತ ಮೇಲೆ, ಕೈಗೆ ಎಣ್ಣೆ ಹಚ್ಚುತ್ತಿರುವಾಗ, ನನ್ನ ಮುಖ ನೋಡದೆ ಕೇಳಿದಳು: "ನೀವು ತಿರುಗಿ ಹತ್ತಿದಾಗ ಅವಳು ಕೂಗಿದ್ಳಾ?" ಇಲ್ಲ, ಹೊಗೆ ಕುಡಿದು ಮೊದಲೇ ಎಚ್ಚರ ತಪ್ಪಿತ್ತು ಎಂದೆ. ಅವಳು ಉಸಿರು ಬಿಟ್ಟಳು; ಬೆರಳುಗಳು ನನ್ನ ಕೈಯಲ್ಲಿ ಸಡಿಲವಾದವು. ಅಷ್ಟು ಸುಲಭವಾಗಿ ಯಾವತ್ತೂ ಬಾಗಿರಲಿಲ್ಲ. ಆದರೆ ಆ ಹುಡುಗಿ ಕೂಗಿದ್ದಳು. ನನ್ನನ್ನಲ್ಲ, ದೇವರನ್ನೂ ಅಲ್ಲ. ಅಕ್ಕನನ್ನು. ಸೋಮವಾರ ಮತ್ತೆ ಹೋಗುತ್ತೇನೆ. ಅವಳು ಮತ್ತೊಮ್ಮೆ ಕೇಳಿದರೆ ಏನು ಹೇಳಲಿ? ಬೇಗ ಬರೆ.