ಗಂಡನ ಹೆಸರಿನ ಮುಂದೆ ಗೆರೆ ಎಳೆಸಿದವನ ಅರಿಕೆ

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರೇ,

ಕಳೆದ ತಿಂಗಳು ನಿಮ್ಮ ಆಸ್ಪತ್ರೆಯ ಧರ್ಮವಾರ್ಡಿನಲ್ಲಿ ನನ್ನ ಹೆಂಡತಿ ವಿಮಲಾಳ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆ ಆಯಿತು. ಆ ಮಂಚ ಗತಿಯಿಲ್ಲದವರದ್ದು. ನಾನು ಸುಳ್ಳು ಹೇಳಿ ಅದನ್ನು ಪಡೆದೆ. ಸುಳ್ಳು ಹೇಳಿಸಿದ ನಿಮ್ಮ ಪದ್ಧತಿಯ ಮೇಲೆ ನನ್ನ ದೂರು ಇದೆ. ಆದರೆ ನನ್ನ ನಾಚಿಕೆ ಅದಕ್ಕಿಂತ ದೊಡ್ಡದು.

ನಾನು ಕಾರ್ಖಾನೆಯೊಂದರ ಗುಮಾಸ್ತ. ವಿಮಲಾಳ ಎಡಗಾಲು ಮರಗಟ್ಟುತ್ತ ಬಂದಿತ್ತು. ತಡಮಾಡಿದರೆ ಕಾಲು ಹೋಗುತ್ತದೆ ಎಂದರು ನಿಮ್ಮ ಸರ್ಜನ್ನರು. ಹಣ ಕೊಡುವವರ ವಾರ್ಡಿನ ಬಾಡಿಗೆಗೆ ನಿಮ್ಮಲ್ಲಿ ರಸೀದಿಯುಂಟು. ಸರ್ಜನ್ನರ ಎಂಟುನೂರು ರೂಪಾಯಿಯನ್ನು ಮಾತ್ರ ಅವರ ಮನೆಗೆ, ಎಲೆ ಅಡಿಕೆ ಹಣ್ಣಿನ ತಟ್ಟೆಯಲ್ಲಿಟ್ಟು ಒಪ್ಪಿಸಬೇಕು. ಎಂಥ ಸಂಸ್ಕಾರ! ತಟ್ಟೆಯಲ್ಲಿಟ್ಟ ಮೇಲೆ ಅದು ಫೀಸಲ್ಲ, ಗುರುದಕ್ಷಿಣೆ. ಅದಕ್ಕೆ ರಸೀದಿ ಕೇಳಿದ ನಾನೇ ಮರ್ಯಾದೆಗೆಟ್ಟವನು. "ರಸೀದಿ ಬೇಕಾದೋರು ಬೇರೆ ಡಾಕ್ಟರನ್ನ ನೋಡ್ಕೊಳ್ರಿ" ಎಂದರು. ರಸೀದಿ ತಂದರೆ ಸಾಲ ಮಾಡಿದ ಹಣವನ್ನೂ ತುಂಬಿಕೊಡುತ್ತೇವೆ, ತರದಿದ್ದರೆ ಕಾಸೂ ಇಲ್ಲ ಎಂದಿತು ಕಾರ್ಖಾನೆಯ ವಿಮೆ ಕಚೇರಿ. ಇವರಿಬ್ಬರ ಶಿಸ್ತು ಮುಗಿಯುವವರೆಗೆ ಕಾಲು ಕಾಯುತ್ತದೆಯೇ?

ಉಳಿದದ್ದು ಧರ್ಮವಾರ್ಡು. ಗಂಡನಿಗೆ ಸಂಬಳವಿದ್ದರೆ ಅಲ್ಲಿ ಮಂಚವಿಲ್ಲ. ವಿಮಲಾಳ ತೌರೂರಿನ ಪಟೇಲರಾದ ಕರಿಬಸವಯ್ಯನವರ ಮುಂದೆ ಕುಳಿತು, "ಗಂಡ ಬಿಟ್ಟವಳು ಅಂತ ಬರೆದುಕೊಡಿ" ಎಂದೆ. ಅವರು ಲೇಖನಿ ಕೆಳಗಿಟ್ಟು ನನ್ನ ಮುಖ ನೋಡಿದರು. ಮತ್ತೆ ಎತ್ತಿಕೊಂಡು ಬರೆದರು.

ಸೇರಿಸಿಕೊಳ್ಳುವಾಗ ನಿಮ್ಮ ಗುಮಾಸ್ತರು ಗಂಡನ ಹೆಸರು ಕೇಳಿದರು. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರ ಕಡೆ ನೋಡುತ್ತಾರೆ. ಅಭ್ಯಾಸದಂತೆ ಅವಳು ನನ್ನ ಕಡೆ ನೋಡಿದಳು. ನಾನು, "ಗೆರೆ ಎಳೀರಿ ಸಾರ್, ಅವನು ಬಿಟ್ಟು ಹೋಗಿದಾನೆ. ನಾನು ಅಣ್ಣ" ಎಂದುಬಿಟ್ಟೆ.

ಹದಿನೆಂಟು ದಿನ ಗಂಜಿ ಹೊತ್ತು ಅಣ್ಣನಾಗಿ ಬಂದೆ. ಒಂದು ದಿನ ವಿಮಲಾ ಅಳುತ್ತಿದ್ದಳು. ಪಕ್ಕದ ಮಂಚದಲ್ಲಿದ್ದ ಉತ್ತರಹಳ್ಳಿಯ ಮಂಗಮ್ಮ ನನ್ನೆದುರಿಗೇ ಸಮಾಧಾನ ಹೇಳಿದರು: "ಅಳ್ಬೇಡ ಕಣವ್ವ, ಅಂಥ ಗಂಡ ಹೋದ್ರೆ ಹೋಗ್ಲಿ. ದೇವ್ರಂಥ ಅಣ್ಣ ಅವ್ನೆ." ಮೈಗೆ ಪ್ಲಾಸ್ಟರ್ ಕಟ್ಟಿದ್ದರಿಂದ ವಿಮಲಾಳಿಗೆ ಮಗ್ಗುಲಾಗಲು ಆಗಲಿಲ್ಲ. ಕಣ್ಣು ಮುಚ್ಚಿಕೊಂಡಳು. ನಾನು ತಲೆಯಾಡಿಸಿ ಗಂಜಿ ಆರಿಸಿದೆ. ಆ ಕ್ಷಣ ನೆನೆದರೆ ಈಗಲೂ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಸ್ವಾಮಿ, ಸರ್ಜನ್ನರ ಫೀಸನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ. ಆಸ್ಪತ್ರೆಯ ಮೊಹರಿನಲ್ಲೇ ಅದಕ್ಕೆ ರಸೀದಿ ಕೊಡಿಸಿ. ನನ್ನಿಂದ ಬರಬೇಕಾದದ್ದನ್ನು ಕಂತಿನಲ್ಲಿ ವಸೂಲು ಮಾಡಿ. ಪಟೇಲರನ್ನು ಹಿಡಿಯಬೇಡಿ, ಬರೆಸಿದವನು ನಾನು. ನಿಮ್ಮ ರಿಜಿಸ್ಟರಿನ ಆ ಗೆರೆಯನ್ನು ಹೊಡೆದುಹಾಕಿ, ಗಂಡ ಇದ್ದಾನೆಂದು ಬರೆಯಿರಿ.

ಈ ಪತ್ರವನ್ನು ವಿಮಲಾಳಿಗೆ ಓದಿ ಹೇಳಿದೆ. ಈಗ ಗೋಡೆ ಹಿಡಿದು ನಡೆಯುತ್ತಾಳೆ, ನನ್ನ ಹೆಗಲು ಹಿಡಿಯುವುದಿಲ್ಲ. ಪತ್ರ ಕೇಳಿದವಳು, "ಸಾಹೇಬರಿಗೆ ಬರೆಯೋದು ಸುಲಭ. ಮಂಗಮ್ಮನಿಗೆ ಹೇಳಿದ್ರಾ?" ಎಂದಳು.

ಮಂಗಮ್ಮ ಇನ್ನೂ ಅದೇ ವಾರ್ಡಿನಲ್ಲಿದ್ದಾರೆ. ನನಗೆ ಇನ್ನೂ ಧೈರ್ಯ ಬಂದಿಲ್ಲ.

ಇಂತಿ, ತಲೆ ಎತ್ತಲಾರದೆ,
ವಿಮಲಾಳ ಗಂಡ
ಚಕ್ರಪಾಣಿ
ಜಯನಗರ, ೧೯೫೯