ಗತಿಸಿದ ದಿನಾಂಕ

ಜೂನ್ 7, ಶುಕ್ರವಾರ. ಮಧ್ಯಾಹ್ನ

ಉಪವಾಸ. ನೀರು ಮಾತ್ರ. ಅಂಗಳ ಗುಡಿಸಿ, ಬಟ್ಟೆ ನೆನೆಹಾಕಿ, ಹಾಲು ಕಾಯಿಸಿದೆ. ಕೆನೆ ತೆಗೆದು ಅತ್ತಿಗೆಯ ಜಾಡಿಗೆ ಹಾಕಿದ್ದಾಯಿತು. ದೇವರ ಮುಂದೆ ಕೂತು ಎಂದಿನಂತೆ ನನ್ನ ಗಂಡನ ಆಯುಸ್ಸಿಗಾಗಿ ಬೇಡಿಕೊಂಡೆ. ಅವರು ಇನ್ನೊಬ್ಬಳನ್ನು ತಂದು, ನಾನು ಅಣ್ಣನ ಮನೆ ಸೇರಿ ಇಪ್ಪತ್ತೇಳು ವರ್ಷ. ಹರಕೆ ಹರಕೆಯೇ. ಬಿಟ್ಟಿಲ್ಲ.

ಆಮೇಲೆ ಅಣ್ಣನ ಕೆಲಸ. ನಮ್ಮ ಮನೆತನದ ಹೆಸರು ಇರುವವರೆಲ್ಲರ ಚರಿತ್ರೆ ಬರೆದು ಪುಸ್ತಕ ಮಾಡಿ ಹಂಚುತ್ತಾನಂತೆ. ಆರು ವರ್ಷದಿಂದ ಇದೇ ಹುಚ್ಚು. ಮನೆಮನೆಗೆ ಫಾರಂ ಕಳಿಸುತ್ತಾನೆ. ತುಂಬಿ ಬಂದದ್ದನ್ನು ನಾನು ದಪ್ಪ ಅಕ್ಷರದಲ್ಲಿ ನಕಲು ಮಾಡಬೇಕು. ಈ ಸಲ ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳಿಗೂ ಕಳಿಸಿದ್ದಾನೆ. ಇವತ್ತು ಹದಿನಾಲ್ಕು ಬಂದವು.

ದೊಡ್ಡಪ್ಪ ಫೋನ್ ಮಾಡಿ ಜಗಳ. ಅಣ್ಣ ಬರೆದುಕೊಂಡಿರುವ ತಮ್ಮ ಹುಟ್ಟಿದ ವರ್ಷ ತಪ್ಪಂತೆ.

"ಕಾಗದ ಇದೆಯಾ? ಕಾಗದದಲ್ಲಿ ಇದ್ದದ್ದೇ ಪುಸ್ತಕದಲ್ಲಿ" ಅಂದ ಅಣ್ಣ.

"ನಾನೇ ಹೇಳ್ತಾ ಇದೀನಲ್ಲೋ!" ದೊಡ್ಡಪ್ಪನ ಕೂಗು ಅಡುಗೆಮನೆಗೂ ಕೇಳಿತು.

"ನೀವು ಹೇಳಿದ್ರೆ ಆಗಲ್ಲ ದೊಡ್ಡಪ್ಪ. ಹುಟ್ಟಿದಾಗ ನಿಮಗೆ ಜ್ಞಾನ ಇತ್ತಾ?"

ಜೂನ್ 8, ಶನಿವಾರ

ಒಂಬತ್ತನೆಯ ಫಾರಂ ನನ್ನ ಗಂಡನ ಮನೆಯದು. ಮೊದಲ ಹೆಂಡತಿ— ನನ್ನ ಹೆಸರು. ಕಾಗುಣಿತವೂ ಸರಿ. ಮಕ್ಕಳು— ಇಲ್ಲ. ಗತಿಸಿದ ದಿನಾಂಕ— ಅಕ್ಟೋಬರ್ 19, ವರ್ಷ ಸಮೇತ. ನಾನು ಟ್ರಂಕು ಹಿಡಿದು ಈ ಬಾಗಿಲಿಗೆ ಬಂದ ದಿನ.

ಜೊತೆಗೊಂದು ಚೀಟಿಯೂ ಪಿನ್ ಆಗಿ ಬಂದಿದೆ. ಎರಡನೆಯವಳ ಮಗಳದು. ದುಂಡು ಅಕ್ಷರ.

"ಅಪ್ಪ ಹೇಳಿದಂತೆ ತುಂಬಿದ್ದೇನೆ. ದೊಡ್ಡಮ್ಮ ತೀರಿಕೊಂಡ ದಿನ ಪ್ರತಿವರ್ಷ ಅವರ ಹೆಸರಲ್ಲಿ ದೀಪ ಹಚ್ಚುತ್ತೇನೆ. ಮುಂದಿನ ತಿಂಗಳು ನನ್ನ ಮದುವೆ. ಅದಕ್ಕೆ ಮೊದಲು ಅವರಿಗೆ ಇಷ್ಟವಾದದ್ದು ಏನಾದರೂ ದೀಪದ ಮುಂದೆ ಇಡಬೇಕು ಅಂತಿದೆ. ಏನು ಇಷ್ಟವಾಗಿತ್ತು? ಗೊತ್ತಿದ್ದವರು ಬರೆಯಿರಿ."

ಅಳು ಬರಲಿಲ್ಲ. ಬಟ್ಟೆ ಹಿಂಡಿ ಹರವಿದೆ. ಬಂದು ಹತ್ತನೆಯ ಫಾರಂ ನಕಲು ಮಾಡಿದೆ.

ಜೂನ್ 11, ಮಂಗಳವಾರ

ಅಣ್ಣನಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ.

"ತಿದ್ದಲಾ?" ಅಂದೆ.

"ತಿದ್ದೋದಕ್ಕೆ ಕಾಗದ..." ಅಂದವನು ನನ್ನ ಮುಖ ನೋಡಿ ಕನ್ನಡಕ ತೆಗೆದಿಟ್ಟ.

ಅತ್ತಿಗೆ ಬಾಗಿಲಲ್ಲಿ ತಮ್ಮ ಸ್ಕೂಟರ್ ಒರೆಸುತ್ತಿದ್ದರು. ಅಲ್ಲಿಂದಲೇ, "ಹಾಗಾದ್ರೆ ದಿನಾ ನಿಮಗೆ ಬಡಿಸ್ತಾ ಇರೋದು ಯಾರ್ರೀ, ದೆವ್ವನಾ?"

ಅಣ್ಣ ನಗಲಿಲ್ಲ. "ನೋಡೇ ಪುಟ್ಟಿ, ಪುಸ್ತಕ ಅರವತ್ತು ಮನೆಗೆ ಹೋಗುತ್ತೆ. ನೀನು ಇದ್ದೀಯ ಅಂತ ಅದರಲ್ಲಿ ಬಂದ್ರೆ ಈ ಚೀಟಿ ಬರೆದವಳ ಅಮ್ಮನ ಮದುವೆನೇ ಪ್ರಶ್ನೆ ಆಗುತ್ತೆ. ಆ ಹುಡುಗಿ ಮದುವೆ ನಿಂತುಹೋದೀತು. ಅವಳೇನು ಪಾಪ ಮಾಡಿದ್ಲು ಹೇಳು?"

ಏನೂ ಮಾಡಿಲ್ಲ.

"ಹಾಗೇ ಇರಲಿ ಬಿಡು" ಅಂದೆ.

ಒಂಬತ್ತನೆಯ ಹಾಳೆ ಇದ್ದದ್ದು ಇದ್ದಂತೆ ನಕಲು ಮಾಡಿದೆ. ದಪ್ಪ ಅಕ್ಷರದಲ್ಲಿ.

ಜೂನ್ 20, ಗುರುವಾರ

ಎಂಟೊಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಶುಕ್ರವಾರದ ಉಪವಾಸ ಆಯಿತು.

ನಾಳೆ ಅಣ್ಣ ಹಾಳೆಗಳನ್ನೆಲ್ಲ ಪ್ರೆಸ್ಸಿಗೆ ಒಯ್ಯುತ್ತಾನೆ. ಹುಡುಗಿಗೆ ಉತ್ತರ ಬರೆಯಬೇಕು. ಬೆಳಗಿನಿಂದ ಯೋಚಿಸಿದರೂ ಹೊಳೆಯಲಿಲ್ಲ.

"ಅತ್ತಿಗೆ, ನನಗೇನು ಇಷ್ಟ?"

"ನಿನಗಾ? ಬಾಣಲೆ ತಳ ಕೆರೆದು ತಿನ್ನೋದು!" ನಕ್ಕರು. ಆಮೇಲೆ ನಗು ನಿಲ್ಲಿಸಿ, "ಗೊತ್ತಿಲ್ಲ ಕಣೇ. ನೀನು ಯಾವತ್ತೂ ಏನೂ ಬೇಕು ಅಂದೋಳೇ ಅಲ್ಲ."

ಸಂಜೆ ನೆನಪಾಯಿತು. ಚಿಕ್ಕವಳಿದ್ದಾಗ ಹಾಲಿನ ಕೆನೆ. ಮೇಲೆ ಸಕ್ಕರೆ. ಬರೆದೆ: "ನಿಮ್ಮ ದೊಡ್ಡಮ್ಮನಿಗೆ ಕೆನೆ, ಸಕ್ಕರೆ ಇಷ್ಟವಾಗಿತ್ತು. ಕೊನೆಗಾಲದಲ್ಲಿ ನೋವು ಇರಲಿಲ್ಲ. ಚೆನ್ನಾಗಿ ಬಾಳಮ್ಮ." ಕೆಳಗೆ ಹೆಸರಿನ ಬದಲು— ಅವರ ಕಡೆಯವರು. ಸುಳ್ಳಿಗೆ ದೇವರ ಕ್ಷಮೆ ಕೇಳಿ, ಅಣ್ಣನ ಚೀಲದ ಹೊರಜೇಬಿಗೆ ಹಾಕಿದೆ. ಪ್ರೆಸ್ಸಿನ ಎದುರೇ ಅಂಚೆಪೆಟ್ಟಿಗೆ ಇದೆಯಂತೆ.

ಜೂನ್ 21, ಶುಕ್ರವಾರ. ಹತ್ತೂವರೆ

ಉಪವಾಸ. ಗುಡಿಸಿದೆ, ನೆನೆಹಾಕಿದೆ. ಅಣ್ಣ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದ. ಹಾಲು ಕಾಯಿಸಿ ಕೆನೆ ತೆಗೆದೆ. ಚಮಚ ಜಾಡಿಯವರೆಗೆ ಹೋಗಲಿಲ್ಲ. ನಿಂತಲ್ಲೇ ಸಕ್ಕರೆ ಉದುರಿಸಿ ತಿಂದೆ. ಇನ್ನೊಂದು ಚಮಚ. ಉಪವಾಸ ನೆನಪಾದದ್ದು ಆಮೇಲೆ. ಇಪ್ಪತ್ತೇಳು ವರ್ಷದಲ್ಲಿ ಇದೇ ಮೊದಲು.

ದೇವರಿಗೆ ಏನಂತ ಹೇಳಲಿ? ತಿಂದೆ, ಅಷ್ಟೇ. ಸಿಹಿಯಾಗಿತ್ತು. ಹಲ್ಲು ಜುಮ್ಮೆಂದಿತು.

ಆ ಹುಡುಗಿ ಇದನ್ನೇ ಬಟ್ಟಲಲ್ಲಿಟ್ಟು ದೀಪ ಹಚ್ಚುತ್ತಾಳೆ. ನಾನು ಇಲ್ಲಿ ತುಟಿ ಒರೆಸಿಕೊಳ್ಳುತ್ತ ನಿಂತಿದ್ದೇನೆ. ಊರಿಗೆಲ್ಲ ಸಾರಬೇಕಿಲ್ಲ. ಪುಸ್ತಕದಲ್ಲಿ ಗತಿಸಿದ ದಿನಾಂಕದ ಜಾಗ ಖಾಲಿ ಇರಲಿ. ಅವಳೊಬ್ಬಳಿಗೆ ನಿಜ ಬರೆಯುತ್ತೇನೆ.

ಅತ್ತಿಗೆಯನ್ನು ಕರೆದೆ. ಬಂದು ನಿಂತಿದ್ದಾರೆ. ಬಾಯಲ್ಲಿ ಮಾತು ಬರುತ್ತಿಲ್ಲ. ಈ ಮನೆಯಲ್ಲಿ ಏನನ್ನೂ ಬೇಕೆಂದು ಕೇಳಿ ಅಭ್ಯಾಸವಿಲ್ಲ. ಇಲ್ಲೇ ಬರೆದು ತೋರಿಸುತ್ತೇನೆ.

ಅತ್ತಿಗೆ, ಸ್ಕೂಟರ್ ತೆಗೆಯಿರಿ. ಬಸ್ಸು ಹನ್ನೊಂದಕ್ಕೆ. ಅಣ್ಣನ ಚೀಲದ ಹೊರಜೇಬಲ್ಲಿ ನನ್ನ ಉತ್ತರ ಇದೆ. ಒಳಗೆ ಒಂಬತ್ತನೆಯ ಹಾಳೆ. ಎರಡೂ ವಾಪಸ್ ತನ್ನಿ. ನಾನು ಬದುಕಿರುವುದಕ್ಕೆ ಅವನು ಕಾಗದ ಕೇಳಿದರೆ ಈ ಪುಟ ತೋರಿಸಿ. ಇವತ್ತಿನ ತಾರೀಖು ಇದೆ, ನನ್ನ ಕೈಬರಹ ಇದೆ. ಆ ಉತ್ತರ ಪೆಟ್ಟಿಗೆಗೆ ಬೀಳುವ ಮೊದಲು—